ರಾಕ್ಸಿ ಮ್ಯೂಸಿಕ್ ಕೇಳಲು ಹೊರಟವರಿಗೆ: ‘ಫಾರ್ ಯುವರ್ ಪ್ಲೆಷರ್’ ಮೊದಲೋ, ‘ಸ್ಟ್ರ್ಯಾಂಡೆಡ್’ ಮೊದಲೋ?

ರಾಕ್ಸಿ ಮ್ಯೂಸಿಕ್ ಹೆಸರು ಕೇಳಿರುತ್ತೀರಿ. ಡೇವಿಡ್ ಬೋವಿ ಬಗ್ಗೆ ಓದುವಾಗ, ಎಪ್ಪತ್ತರ ದಶಕದ ಬ್ರಿಟಿಷ್ ಆರ್ಟ್ ರಾಕ್ (ಕಲೆಯ ಪ್ರಯೋಗಗಳನ್ನು ಬೆರೆಸಿದ ರಾಕ್ ಸಂಗೀತ) ಮಾತು ಬಂದಾಗಲೆಲ್ಲ ಈ ತಂಡದ ಹೆಸರೂ ಬರುತ್ತದೆ. ಸರಿ, ಕೇಳೋಣ ಅಂತ ಆ್ಯಪ್ ತೆರೆದರೆ ಬಹಳ ಸಲ ಮೊದಲು ಸಿಗುವುದು ‘ಮೋರ್ ದ್ಯಾನ್ ದಿಸ್’. ಅದು 1982ರ ‘ಆವಲಾನ್’ ಆಲ್ಬಂನ ಹಾಡು. ಇಂಪಾಗಿದೆ, ನುಣುಪಾಗಿದೆ. ಒಂದೆರಡು ಸಲ ಕೇಳಿ, ‘ಚೆನ್ನಾಗಿದೆ, ಆದರೆ ಇವರ ಬಗ್ಗೆ ಇಷ್ಟೊಂದು ಮಾತೇಕೆ?’ ಅಂದುಕೊಂಡು ಮುಂದೆ ಹೋಗುವವರು ಜಾಸ್ತಿ. ಅವರದೇನೂ ತಪ್ಪಿಲ್ಲ. ಇದೇ ತಂಡ ಹತ್ತು ವರ್ಷ ಮೊದಲು ಎಂಥ ಸದ್ದು ಮಾಡುತ್ತಿತ್ತು ಅನ್ನುವುದಕ್ಕೆ ಆ ಹಾಡಿನಲ್ಲಿ ಯಾವ ಸುಳಿವೂ ಸಿಗುವುದಿಲ್ಲ.

1972ರಿಂದ 1975ರವರೆಗೆ ರಾಕ್ಸಿ ಮ್ಯೂಸಿಕ್ ಐದು ಆಲ್ಬಂ ಮಾಡಿತು. ಮೊದಲನೆಯದಕ್ಕೆ ತಂಡದ ಹೆಸರೇ ಹೆಸರು. ಆಮೇಲೆ ‘ಫಾರ್ ಯುವರ್ ಪ್ಲೆಷರ್’, ‘ಸ್ಟ್ರ್ಯಾಂಡೆಡ್’, ‘ಕಂಟ್ರಿ ಲೈಫ್’, ‘ಸೈರನ್’. ಐದೂ ಕೇಳಲೇಬೇಕಾದವು. ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಎರಡೇ ಹೆಸರು ಹೇಳುತ್ತೇನೆ. 1973ರ ಮಾರ್ಚ್‌ನಲ್ಲಿ ಬಂದ ‘ಫಾರ್ ಯುವರ್ ಪ್ಲೆಷರ್’ ಮತ್ತು ಅದೇ ವರ್ಷದ ನವೆಂಬರ್‌ನಲ್ಲಿ ಬಂದ ‘ಸ್ಟ್ರ್ಯಾಂಡೆಡ್’. ಇವೆರಡರ ನಡುವೆ ಎಂಟು ತಿಂಗಳ ಅಂತರ ಅಷ್ಟೇ. ಹಾಡುವವರು, ಗಿಟಾರ್, ಸ್ಯಾಕ್ಸೊಫೋನ್, ಡ್ರಮ್ಸ್ ಎಲ್ಲ ಅದೇ ಜನ. ಎರಡರಲ್ಲೂ ನಿರ್ಮಾಪಕರಾಗಿ ಕ್ರಿಸ್ ಥಾಮಸ್ ಇದ್ದಾರೆ. ಆದರೂ ಇವು ಎರಡು ಬೇರೆ ತಂಡಗಳ ಆಲ್ಬಂಗಳ ಹಾಗೆ ಕೇಳಿಸುತ್ತವೆ. ನಿಮ್ಮ ಕಿವಿಗೆ ಯಾವುದು ಮೊದಲು ಹಿಡಿಸುತ್ತದೆ ಅನ್ನುವುದು ನೀವು ಇಲ್ಲಿಯವರೆಗೆ ಏನು ಕೇಳಿಕೊಂಡು ಬಂದಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಯಾರು ಈ ಜನ?

ಹಾಡುವವರು ಬ್ರಯಾನ್ ಫೆರಿ. ಇಂಗ್ಲೆಂಡಿನ ಉತ್ತರದಲ್ಲಿ, ಡರಂ ಸೀಮೆಯ ವಾಷಿಂಗ್ಟನ್ ಅನ್ನುವ ಊರಿನವರು. ಕಲ್ಲಿದ್ದಲು ಗಣಿಗಳ ಸೀಮೆ ಅದು. ಅವರ ತಂದೆ ಗಣಿಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು. ಮಗ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದರು. ಅಲ್ಲಿ ಅವರಿಗೆ ಮೇಷ್ಟ್ರಾಗಿದ್ದವರು ರಿಚರ್ಡ್ ಹ್ಯಾಮಿಲ್ಟನ್. ಜಾಹೀರಾತು, ಪತ್ರಿಕೆಗಳ ಚಿತ್ರ ಕತ್ತರಿಸಿ ಅಂಟಿಸಿ ಕಲೆ ಮಾಡಿದ, ಬ್ರಿಟನ್ನಿನಲ್ಲಿ ಪಾಪ್ ಆರ್ಟ್ ಶುರು ಮಾಡಿದವರಲ್ಲಿ ಒಬ್ಬರು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ರಯಾನ್ ಈನೋ ಕೂಡ ಆರ್ಟ್ ಸ್ಕೂಲಿನಿಂದ ಬಂದವರು. ಅವರನ್ನು ವಾದ್ಯಗಾರ ಅನ್ನುವುದು ಕಷ್ಟ. ವಿಸಿಎಸ್ 3 ಅನ್ನುವ ಪುಟ್ಟ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ, ಮತ್ತು ಟೇಪ್ ರೆಕಾರ್ಡರ್‌ಗಳು ಅವರ ಸಾಮಾನು. ಬೇರೆಯವರು ನುಡಿಸಿದ ಗಿಟಾರ್, ಸ್ಯಾಕ್ಸೊಫೋನ್‌ಗಳ ಸದ್ದನ್ನು ಆ ಯಂತ್ರದೊಳಗೆ ಹಾಯಿಸಿ, ತಿರುಚಿ ಹೊರಗೆ ಬಿಡುತ್ತಿದ್ದರು. ಶುರುವಿನ ಕಾರ್ಯಕ್ರಮಗಳಲ್ಲಿ ಅವರು ವೇದಿಕೆ ಮೇಲೆ ಇರುತ್ತಲೇ ಇರಲಿಲ್ಲ. ಸಭಿಕರ ನಡುವೆ, ಮಿಕ್ಸಿಂಗ್ ಡೆಸ್ಕ್ ಹತ್ತಿರ ಕೂತು ಕೆಲಸ ಮಾಡುತ್ತಿದ್ದರು.

ಆಂಡಿ ಮೆಕೈ ಓಬೋ (ಶಹನಾಯಿಯಂಥ ಊದುವ ವಾದ್ಯ) ಮತ್ತು ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ರಾಕ್ ತಂಡದಲ್ಲಿ ಓಬೋ ಇರುವುದೇ ಅಪರೂಪ. ಫಿಲ್ ಮಾಂಜನೇರಾ ಗಿಟಾರ್. ಅವರ ತಾಯಿ ಕೊಲಂಬಿಯಾದವರು, ಬಾಲ್ಯದ ಒಂದು ಭಾಗ ಕ್ಯೂಬಾದಲ್ಲಿ ಕಳೆದಿತ್ತು. ಡ್ರಮ್ಸ್ ಪಾಲ್ ಥಾಂಪ್ಸನ್. ಇವರ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ, ಅದು ನನಗೆ ಬೇಸರದ ವಿಷಯ. ಸುತ್ತಲಿನವರೆಲ್ಲ ಹುಚ್ಚುಹುಚ್ಚಾಗಿ ಹಾರಾಡುವಾಗ ಈ ಮನುಷ್ಯ ನೆಲಕ್ಕೆ ಕಾಲು ಕೊಟ್ಟು ನಿಂತಿರುತ್ತಾರೆ. ಅವರ ಗಟ್ಟಿ ಪೆಟ್ಟು ಇಲ್ಲದಿದ್ದರೆ ಮೊದಲ ಎರಡು ಆಲ್ಬಂ ಚೆಲ್ಲಾಪಿಲ್ಲಿ ಆಗಿಬಿಡುತ್ತಿದ್ದವು. ಬೇಸ್ ಗಿಟಾರ್ ಮಾತ್ರ ಈ ತಂಡದಲ್ಲಿ ಒಬ್ಬರ ಕೈಯಲ್ಲಿ ನಿಲ್ಲಲೇ ಇಲ್ಲ. ‘ಫಾರ್ ಯುವರ್ ಪ್ಲೆಷರ್’ನಲ್ಲಿ ಜಾನ್ ಪೋರ್ಟರ್, ‘ಸ್ಟ್ರ್ಯಾಂಡೆಡ್’ನಲ್ಲಿ ಜಾನ್ ಗಸ್ಟಾಫ್ಸನ್.

1973ರ ನಡುವಿನಲ್ಲಿ ಈನೋ ತಂಡ ಬಿಟ್ಟರು. ಒಂದು ತಂಡದಲ್ಲಿ ಇಬ್ಬರು ಬ್ರಯಾನ್‌ಗಳಿಗೆ ಜಾಗ ಸಾಲಲಿಲ್ಲ. ಅವರ ಬದಲಿಗೆ ಬಂದವರು ಎಡ್ಡಿ ಜಾಬ್ಸನ್. ಆಗ ಅವರಿಗೆ 18 ವರ್ಷ. ಕರ್ವ್ಡ್ ಏರ್ ತಂಡದಲ್ಲಿದ್ದು ಬಂದವರು, ಪಿಟೀಲು ಮತ್ತು ಕೀಬೋರ್ಡ್ ಎರಡರಲ್ಲೂ ಪಳಗಿದ ಕೈ. ಸಂಗೀತದ ತರಬೇತಿ ಇಲ್ಲದ ಒಬ್ಬ ಪ್ರಯೋಗಗಾರ ಹೋಗಿ, ತರಬೇತಿ ಪಡೆದ ಒಬ್ಬ ಹುಡುಗ ಬಂದರೆ ಏನಾಗುತ್ತದೆ ಅನ್ನುವುದು ಈ ಎರಡು ಆಲ್ಬಂಗಳನ್ನು ಒಂದರ ಹಿಂದೆ ಒಂದು ಕೇಳಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಫಾರ್ ಯುವರ್ ಪ್ಲೆಷರ್

ಎಂಟು ಹಾಡು, ಸುಮಾರು 42 ನಿಮಿಷ. ಮೊದಲ ಹಾಡು ‘ಡು ದ ಸ್ಟ್ರ್ಯಾಂಡ್’ ಯಾವ ಪೀಠಿಕೆಯೂ ಇಲ್ಲದೆ ಶುರುವಾಗುತ್ತದೆ. ಪಿಯಾನೊ ಮತ್ತು ಫೆರಿ ದನಿ ಒಂದೇ ಸಲಕ್ಕೆ ಮೈಮೇಲೆ ಬೀಳುತ್ತವೆ. ಹೊಸದೊಂದು ನೃತ್ಯ ಬಂದಿದೆ, ಎಲ್ಲರೂ ಅದನ್ನೇ ಕುಣಿಯುತ್ತಿದ್ದಾರೆ ಅಂತ ಹಾಡು ಹೇಳುತ್ತದೆ. ಮೋನಾಲಿಸಾ, ಬ್ಯಾಲೆ ನರ್ತಕ ನಿಜಿನ್ಸ್ಕಿ, ಪಿಕಾಸೊ ಚಿತ್ರ ಗ್ವೆರ್ನಿಕಾ ಎಲ್ಲ ಹೆಸರುಗಳೂ ಬಂದು ಹೋಗುತ್ತವೆ. ಆದರೆ ಆ ನೃತ್ಯ ಹೇಗಿರುತ್ತದೆ, ಕಾಲು ಎಲ್ಲಿ ಇಡಬೇಕು ಅಂತ ಕೊನೆಯವರೆಗೂ ಹೇಳುವುದಿಲ್ಲ. ಜಾಹೀರಾತು ಇದೆ, ಸರಕು ಕಾಣಿಸುವುದಿಲ್ಲ. ಹ್ಯಾಮಿಲ್ಟನ್ ಶಿಷ್ಯ ಬರೆದ ಹಾಡು ಅಂತ ಇಲ್ಲೇ ಗೊತ್ತಾಗುತ್ತದೆ.

‘ಎಡಿಷನ್ಸ್ ಆಫ್ ಯು’ ಈ ಆಲ್ಬಂನ ಅತ್ಯಂತ ಚುರುಕಾದ ಹಾಡು. ನಡುವಿನಲ್ಲಿ ಮೂವರು ಸರದಿಯ ಮೇಲೆ ನುಡಿಸುತ್ತಾರೆ. ಮೊದಲು ಮೆಕೈ ಸ್ಯಾಕ್ಸೊಫೋನ್, ಆಮೇಲೆ ಈನೋ ಸಿಂಥಸೈಜರ್, ಕೊನೆಗೆ ಮಾಂಜನೇರಾ ಗಿಟಾರ್. ಈನೋ ಭಾಗವನ್ನು ಗಮನವಿಟ್ಟು ಕೇಳಿ. ಅದರಲ್ಲಿ ಸ್ವರಗಳು ಅನ್ನುವಂಥದ್ದು ಬಹಳ ಕಡಿಮೆ. ಕೂಗು, ಜಾರು, ಕಿರುಚಾಟ. ಆದರೂ ಅದು ತಾಳದೊಳಗೆ ಎಷ್ಟು ಸರಿಯಾಗಿ ಕೂರುತ್ತದೆ! ಈ ಹಾಡು ಇಷ್ಟವಾದರೆ ನೀವು ಈನೋ ಕಾಲದ ರಾಕ್ಸಿಗೆ ಸೇರಿದವರು ಅಂತ ಧೈರ್ಯವಾಗಿ ಹೇಳಬಹುದು.

ಈಗ ಆ ಆಲ್ಬಂನ ಹೃದಯಕ್ಕೆ ಬರೋಣ. ‘ಇನ್ ಎವೆರಿ ಡ್ರೀಮ್ ಹೋಮ್ ಎ ಹಾರ್ಟೇಕ್’. ದೊಡ್ಡ ಬಂಗಲೆ, ಈಜುಕೊಳ, ಎಲ್ಲ ಸೌಕರ್ಯ ಇರುವ ಒಬ್ಬ ಗಂಡಸು ಅಂಚೆಯಲ್ಲಿ ತರಿಸಿಕೊಂಡ ಗಾಳಿ ತುಂಬುವ ಗೊಂಬೆಯ ಜೊತೆ ಬದುಕುತ್ತಿದ್ದಾನೆ. ಅದರ ಜೊತೆ ಮಾತಾಡುತ್ತಾನೆ. ಆರ್ಗನ್ ಮೇಲೆ ಅದೇ ನಾಲ್ಕು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಸುತ್ತುತ್ತಲೇ ಇರುತ್ತವೆ. ಡ್ರಮ್ಸ್ ಇಲ್ಲ. ಫೆರಿ ಹಾಡುವುದಕ್ಕಿಂತ ಓದುತ್ತಿದ್ದಾರೆ ಅನ್ನಿಸುತ್ತದೆ. ಸುಮಾರು ಮೂರು ನಿಮಿಷ ಇದೇ. ಮೊದಲ ಸಲ ಕೇಳುವವರು ‘ಇದೇನಿದು, ಮುಂದಕ್ಕೇ ಹೋಗುತ್ತಿಲ್ಲವಲ್ಲ’ ಅಂತ ಅಂದುಕೊಳ್ಳುತ್ತಾರೆ. ದಯವಿಟ್ಟು ಮುಂದಿನ ಹಾಡಿಗೆ ಹಾರಬೇಡಿ. ಒಂದು ಸಾಲು ಮುಗಿದ ತಕ್ಷಣ ಡ್ರಮ್ಸ್ ಒಡೆದುಕೊಂಡು ಬರುತ್ತದೆ, ಮಾಂಜನೇರಾ ಗಿಟಾರ್ ಹೊತ್ತಿಕೊಳ್ಳುತ್ತದೆ. ಸದ್ದು ನಿಧಾನಕ್ಕೆ ಇಳಿದು ಹಾಡು ಮುಗಿಯಿತು ಅನ್ನುವಾಗ ಮತ್ತೆ ಎದ್ದು ಬರುತ್ತದೆ. ಈ ಸಲ ಇಡೀ ಸದ್ದೇ ಕಲಕಿದಂತೆ, ನೀರಿನಲ್ಲಿ ಸುತ್ತುತ್ತಿರುವಂತೆ.

1956ರಲ್ಲಿ ಹ್ಯಾಮಿಲ್ಟನ್ ಒಂದು ಕೊಲಾಜ್ ಮಾಡಿದ್ದರು. ಇವತ್ತಿನ ಮನೆಗಳು ಇಷ್ಟು ಆಕರ್ಷಕವಾಗಿರುವುದು ಯಾವುದರಿಂದ ಅಂತ ಕೇಳುವ ಉದ್ದನೆಯ ಹೆಸರು ಅದಕ್ಕೆ. ಒಂದು ಕೋಣೆ ತುಂಬ ಟೀವಿ, ಟೇಪ್ ರೆಕಾರ್ಡರ್, ಡಬ್ಬಿಯ ಆಹಾರ, ಮೈಕಟ್ಟು ತೋರಿಸುವ ಗಂಡು, ಬೆತ್ತಲೆ ಹೆಣ್ಣು. ಈ ಹಾಡನ್ನು ಕೇಳುವಾಗ ಆ ಚಿತ್ರವನ್ನು ಒಮ್ಮೆ ನೋಡಿ. ಮೇಷ್ಟ್ರು ಆ ಮನೆಯನ್ನು ಹೊರಗಿನಿಂದ ತೋರಿಸಿದರು, ಶಿಷ್ಯ ಅದರೊಳಗೆ ಹೋಗಿ ಕೂತುಕೊಂಡರು ಅನ್ನಿಸುತ್ತದೆ ನನಗೆ.

ರಾಕ್ಸಿ ಆಲ್ಬಂಗಳ ಹೊದಿಕೆಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲದರ ಮೇಲೂ ಅಲಂಕಾರ ಮಾಡಿಕೊಂಡ ಹೆಂಗಸರು. ಇದರ ಮೇಲೆ ಕಪ್ಪು ಚಿರತೆಯನ್ನು ಹಿಡಿದು ನಿಂತಿರುವ ರೂಪದರ್ಶಿ ಅಮಾಂಡಾ ಲಿಯರ್. ಹೊದಿಕೆ ಬಿಚ್ಚಿದರೆ ಇನ್ನೊಂದು ಬದಿಯಲ್ಲಿ ಕಾರಿನ ಚಾಲಕನ ವೇಷದಲ್ಲಿ ಫೆರಿ. ಈ ಚಿತ್ರಗಳು ಇವತ್ತು ಹಲವರಿಗೆ ಹಿಡಿಸುವುದಿಲ್ಲ, ಅದು ನ್ಯಾಯವೇ. ‘ಕಂಟ್ರಿ ಲೈಫ್’ ಹೊದಿಕೆಯಂತೂ ನನಗೂ ಹಿಡಿಸುವುದಿಲ್ಲ. ಆದರೆ ‘ಡ್ರೀಮ್ ಹೋಮ್’ ಹಾಡು ಆ ಥಳುಕಿನ ಲೋಕ ಒಳಗೆ ಎಷ್ಟು ಖಾಲಿ ಅಂತ ಅದೇ ಆಲ್ಬಂನ ಒಳಗಿನಿಂದ ಹೇಳುತ್ತದೆ. ಹೊದಿಕೆ ನೋಡಿ ಆಲ್ಬಂ ಬದಿಗಿಡುವ ಮೊದಲು ಆ ಹಾಡನ್ನು ಕೇಳಿ.

ಎಲ್‌ಪಿ ತಟ್ಟೆಯ ಎರಡನೇ ಬದಿಯಲ್ಲಿ ಮೂರೇ ಹಾಡು. ‘ದ ಬೋಗಸ್ ಮ್ಯಾನ್’ ಒಂಬತ್ತು ನಿಮಿಷಕ್ಕೂ ಜಾಸ್ತಿ. ಒಂದೇ ಲಯ ಹಿಡಿದು ಹೋಗುತ್ತಲೇ ಇರುತ್ತದೆ. ಜರ್ಮನಿಯ ಕ್ಯಾನ್ ತಂಡ ಕೇಳಿದವರಿಗೆ ಇದು ಪರಿಚಿತ ದಾರಿ. ಬೇರೆಯವರಿಗೆ ತಾಳ್ಮೆ ಬೇಕು. ನನ್ನ ಮಟ್ಟಿಗೆ ‘ಗ್ರೇ ಲಗೂನ್ಸ್’ ಈ ಆಲ್ಬಂನ ಸಾಧಾರಣ ಹಾಡು. ಕೊನೆಯದು ಆಲ್ಬಂನ ಹೆಸರಿನದೇ. ಫೆರಿ ಬೇಗ ಹಾಡಿ ಮುಗಿಸುತ್ತಾರೆ. ಉಳಿದ ನಿಮಿಷಗಳೆಲ್ಲ ಈನೋ ಅವರದು. ಡ್ರಮ್ಸ್ ಮತ್ತು ಪಿಯಾನೊ ಟೇಪಿನ ಪ್ರತಿಧ್ವನಿಯಲ್ಲಿ ಕರಗುತ್ತಾ ದೂರ ಹೋಗುತ್ತವೆ. ಕೊನೆಗೆ ಒಂದು ಹೆಣ್ಣು ದನಿ ಕೇಳಿಸುತ್ತದೆ. ಅದು ನಟಿ ಜೂಡಿ ಡೆಂಚ್ ಅವರದು. ಈನೋ ಮುಂದೆ ಮಾಡಿದ ಶಾಂತ ಸಂಗೀತದ ಬೀಜ ಇಲ್ಲಿದೆ.

ಸ್ಟ್ರ್ಯಾಂಡೆಡ್

ಇಲ್ಲೂ ಎಂಟು ಹಾಡು, ಸುಮಾರು 41 ನಿಮಿಷ. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಏರಿತು, ಈ ತಂಡಕ್ಕೆ ಅದೇ ಮೊದಲು. ‘ಫಾರ್ ಯುವರ್ ಪ್ಲೆಷರ್’ ನಾಲ್ಕನೇ ಸ್ಥಾನದವರೆಗೆ ಹೋಗಿತ್ತು. ಮೊದಲ ಎರಡು ಆಲ್ಬಂಗಳ ಹಾಡುಗಳೆಲ್ಲ ಫೆರಿ ಒಬ್ಬರದೇ. ಇಲ್ಲಿ ಮೊದಲ ಸಲ ಬೇರೆಯವರಿಗೂ ಪಾಲು ಸಿಕ್ಕಿತು. ‘ಅಮಝೋನಾ’ ಮಾಂಜನೇರಾ ಜೊತೆ, ‘ಎ ಸಾಂಗ್ ಫಾರ್ ಯುರೋಪ್’ ಮೆಕೈ ಜೊತೆ. ಈ ಹಂಚಿಕೆಯಿಂದ ಆಲ್ಬಂಗೆ ಒಳ್ಳೆಯದೇ ಆಯಿತು. ಆ ಎರಡೂ ಹಾಡುಗಳಲ್ಲಿ ರಾಗದ ಓಟವೇ ಬೇರೆ.

‘ಸ್ಟ್ರೀಟ್ ಲೈಫ್’ ಗದ್ದಲದ ಸದ್ದಿನಿಂದ ಶುರುವಾಗಿ ಓಡುತ್ತದೆ. ಇದು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ ಬಂದು ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಸೇರಿತು. ‘ಜಸ್ಟ್ ಲೈಕ್ ಯು’ ಮೃದುವಾದ ಪಿಯಾನೊ ಹಾಡು. ‘ಸಾಮ್’ ಎಂಟು ನಿಮಿಷದ್ದು, ಚರ್ಚಿನ ಪ್ರಾರ್ಥನೆಯ ಧಾಟಿಯಲ್ಲಿ ಮೆಲ್ಲಗೆ ಏರುತ್ತದೆ. ಲಂಡನ್ ವೆಲ್ಷ್ ಗಂಡಸರ ಗಾಯಕವೃಂದವನ್ನು ಇದಕ್ಕೆ ಕರೆಸಿದ್ದರು. ಕೆಲವರಿಗೆ ಇದು ಎಳೆದಂತೆ ಅನ್ನಿಸುತ್ತದೆ. ಫೆರಿ ಭಕ್ತಿಯಿಂದ ಹಾಡುತ್ತಿದ್ದಾರೋ, ಭಕ್ತಿಯ ಪಾತ್ರ ಮಾಡುತ್ತಿದ್ದಾರೋ ಅಂತ ಹೇಳುವುದೂ ಕಷ್ಟ. ಆ ಅನುಮಾನ ಇಟ್ಟುಕೊಂಡೇ ಕೇಳಿದರೆ ಹಾಡು ಬೆಳೆಯುತ್ತದೆ.

ಎರಡನೇ ಬದಿಗೆ ಬಂದರೆ ಎರಡು ದೊಡ್ಡ ಹಾಡುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ‘ಎ ಸಾಂಗ್ ಫಾರ್ ಯುರೋಪ್’ನಲ್ಲಿ ಒಬ್ಬ ಪ್ಯಾರಿಸ್ಸಿನ ಹೋಟೆಲಿನಲ್ಲಿ ಒಂಟಿಯಾಗಿ ಕೂತು ಹಳೆಯ ಪ್ರೀತಿಯನ್ನು ನೆನೆಯುತ್ತಿದ್ದಾನೆ. ಸೀನ್ ನದಿ, ನಾಟ್ರೆ ಡಾಮ್, ವೆನಿಸ್ ಎಲ್ಲ ಬರುತ್ತವೆ. ದುಃಖ ಏರುತ್ತಾ ಏರುತ್ತಾ ಹೋಗಿ ಇಂಗ್ಲಿಷ್ ಸಾಲದಾಗುತ್ತದೆ. ಫೆರಿ ಲ್ಯಾಟಿನ್‌ಗೆ ಹೊರಳುತ್ತಾರೆ, ಆಮೇಲೆ ಫ್ರೆಂಚ್‌ಗೆ, ಕೊನೆಗೆ ಮಾತೇ ಬಿಟ್ಟು ಸಿಳ್ಳೆ ಹಾಕುತ್ತಾರೆ. ಹೇಳಿದರೆ ಅತಿ ಅನ್ನಿಸುತ್ತದೆ, ಅಲ್ವಾ? ಕೇಳಿದರೆ ಹಾಗನ್ನಿಸುವುದಿಲ್ಲ. ಮೆಕೈ ಸ್ಯಾಕ್ಸೊಫೋನ್ ಆ ದುಃಖವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ. ನಮ್ಮ ಹಳೆಯ ಸಿನಿಮಾದ ಶೋಕಗೀತೆಗಳನ್ನು ಪ್ರೀತಿಯಿಂದ ಕೇಳಿದವರಿಗೆ ಈ ಹಾಡಿನ ಹತ್ತಿರ ಹೋಗಲು ಯಾರ ಸಹಾಯವೂ ಬೇಕಾಗುವುದಿಲ್ಲ. ಭಾವನೆಯನ್ನು ಮುಚ್ಚಿಡದೆ, ನಾಚಿಕೆಪಡದೆ ಕೊನೆಯ ಹನಿಯವರೆಗೆ ಹಿಂಡುವ ಹಾಡುಗಾರಿಕೆ ನಮಗೆ ಹೊಸದೇನಲ್ಲ.

ಅದರ ಹಿಂದೆಯೇ ‘ಮದರ್ ಆಫ್ ಪರ್ಲ್’. ಸುಮಾರು ಏಳು ನಿಮಿಷ. ಮೊದಲ ಒಂದೂವರೆ ನಿಮಿಷ ಒಂದು ಪಾರ್ಟಿಯ ಗಲಾಟೆ. ಗಿಟಾರ್ ಅರಚುತ್ತದೆ, ಫೆರಿ ದನಿಗಳು ಒಂದರ ಮೇಲೊಂದು ಬೀಳುತ್ತವೆ. ಇದ್ದಕ್ಕಿದ್ದಂತೆ ಗಲಾಟೆ ಇಳಿಯುತ್ತದೆ. ಪಾರ್ಟಿ ಮುಗಿದಿದೆ, ಬೆಳಗಿನ ಜಾವ. ಆಮೇಲೆ ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ಕಾರ್ಡ್ ಸಾಲು, ಒಂದೇ ನಡಿಗೆ. ಅದರ ಮೇಲೆ ಫೆರಿ ಮಾತಿನ ಮೇಲೆ ಮಾತು ಪೋಣಿಸುತ್ತಾ ಹೋಗುತ್ತಾರೆ. ಪ್ರತಿ ಪದವನ್ನೂ ಬೇರೆ ಥರ ಉಚ್ಚರಿಸುತ್ತಾರೆ. ಪಾರ್ಟಿಗಳಲ್ಲಿ ಪರಿಪೂರ್ಣ ಪ್ರೀತಿ ಹುಡುಕುತ್ತಾ ಸೋತ ಒಬ್ಬನ ಮಾತು ಇದು. ಕೊನೆಗೆ ವಾದ್ಯಗಳು ಒಂದೊಂದಾಗಿ ಸರಿದು ಬರೀ ದನಿ ಉಳಿಯುತ್ತದೆ. ಇಡೀ ರಾಕ್ಸಿ ಮ್ಯೂಸಿಕ್‌ನಲ್ಲಿ ಒಂದೇ ಹಾಡು ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಇದಕ್ಕೆ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕೇಳುವುದು ಒಳ್ಳೆಯದು. ಫೆರಿ ಉಚ್ಚಾರಣೆ ಬೇಕಂತಲೇ ತಿರುಚಿದ್ದು, ಸುಮ್ನೆ ಕೇಳಿದರೆ ಅರ್ಧ ಪದ ಕೈಗೆ ಸಿಗುವುದಿಲ್ಲ.

ಪಕ್ಕಪಕ್ಕ ಇಟ್ಟು ನೋಡಿದರೆ

ಮುಖ್ಯ ವ್ಯತ್ಯಾಸ ಸದ್ದಿನಲ್ಲಿ ಇದೆ. ‘ಫಾರ್ ಯುವರ್ ಪ್ಲೆಷರ್’ ಕೇಳುವಾಗ ಎಷ್ಟೋ ಕಡೆ ಇದು ಯಾವ ವಾದ್ಯ ಅಂತ ಹೇಳಲು ಆಗುವುದಿಲ್ಲ. ಗಿಟಾರೋ, ಸಿಂಥಸೈಜರೋ, ಟೇಪೋ? ಆ ಗೊಂದಲವೇ ಅದರ ಸುಖ. ‘ಸ್ಟ್ರ್ಯಾಂಡೆಡ್’ನಲ್ಲಿ ಎಲ್ಲ ವಾದ್ಯಗಳೂ ಅವುಗಳ ಸ್ವಂತ ದನಿಯಲ್ಲೇ ಕೇಳಿಸುತ್ತವೆ. ಪಿಯಾನೊ ಪಿಯಾನೊ ಥರಾನೇ ಇದೆ. ಹಾಗಂತ ಅದು ಸಾದಾ ಆಲ್ಬಂ ಅಲ್ಲ. ‘ಅಮಝೋನಾ’ದ ಗಿಟಾರ್ ಭಾಗ ಕೇಳಿ, ನೀರೊಳಗಿಂದ ಬರುತ್ತಿರುವಂತಿದೆ. ಆದರೆ ಅಂಥ ಆಟಗಳು ಇಲ್ಲಿ ಹಾಡಿನ ಹಿಂದೆ ನಿಲ್ಲುತ್ತವೆ.

ಎರಡನೇ ವ್ಯತ್ಯಾಸ ಫೆರಿ ಹಾಡುವ ರೀತಿ. ‘ಫಾರ್ ಯುವರ್ ಪ್ಲೆಷರ್’ನಲ್ಲಿ ಅವರು ಕಂಪಿಸುವ, ವೇಷ ಹಾಕಿದ ದನಿಯಲ್ಲಿ ಪಾತ್ರಗಳನ್ನು ಆಡುತ್ತಾರೆ. ಅವರ ಮತ್ತು ನಮ್ಮ ನಡುವೆ ಒಂದು ಗಾಜು ಇದೆ ಅನ್ನಿಸುತ್ತದೆ. ‘ಸ್ಟ್ರ್ಯಾಂಡೆಡ್’ನಲ್ಲಿ ಆ ಗಾಜು ತೆಳ್ಳಗಾಗಿದೆ. ಅಲ್ಲೂ ನಾಟಕ ಇದೆ, ಆದರೆ ನಟನ ನೋವು ನಿಜ ಅಂತ ನಂಬಿಕೆ ಬರುತ್ತದೆ.

ಹಾಗಾದರೆ ಮೊದಲು ಯಾವುದು? ಟಾಕಿಂಗ್ ಹೆಡ್ಸ್, ಕ್ರಾಫ್ಟ್‌ವರ್ಕ್, ಬರ್ಲಿನ್ ಕಾಲದ ಬೋವಿ, ಎಲೆಕ್ಟ್ರಾನಿಕ್ ಸಂಗೀತ ಕೇಳಿ ಬಂದವರು ನೇರವಾಗಿ ‘ಫಾರ್ ಯುವರ್ ಪ್ಲೆಷರ್’ಗೆ ಹೋಗಿ. ವಿಚಿತ್ರ ಸದ್ದು ನಿಮ್ಮನ್ನು ಹೆದರಿಸುವುದಿಲ್ಲ, ಕರೆಯುತ್ತದೆ. ರಾಗ, ಮಾತು, ಪಲ್ಲವಿ ಇವುಗಳ ಮೂಲಕವೇ ಹಾಡಿನೊಳಗೆ ಹೋಗುವ ಅಭ್ಯಾಸ ಇರುವವರು ‘ಸ್ಟ್ರ್ಯಾಂಡೆಡ್’ನಿಂದ ಶುರು ಮಾಡಿ. ನಮ್ಮಲ್ಲಿ ಸಿನಿಮಾ ಹಾಡು, ಭಾವಗೀತೆ ಕೇಳುತ್ತಾ ಬೆಳೆದವರು ಹೆಚ್ಚಿನವರು ಈ ಗುಂಪಿಗೇ ಸೇರುತ್ತಾರೆ. ಅವರಿಗೆ ‘ಎ ಸಾಂಗ್ ಫಾರ್ ಯುರೋಪ್’ ಮೊದಲು ಫೆರಿ ದನಿಯ ಮೇಲೆ ಪ್ರೀತಿ ಹುಟ್ಟಿಸುತ್ತದೆ. ಆ ಪ್ರೀತಿ ಹುಟ್ಟಿದ ಮೇಲೆ ‘ಡ್ರೀಮ್ ಹೋಮ್’ನ ತಣ್ಣನೆಯ ದನಿ ಕೇಳಿದರೆ ಅದರ ಭಯಂಕರ ಒಂಟಿತನ ಪೂರ್ತಿ ತಾಗುತ್ತದೆ. ಹಿಂದುಮುಂದಾಗಿ ಕೇಳಿದರೆ ಬಹಳ ಜನ ‘ಬೋಗಸ್ ಮ್ಯಾನ್’ ಹತ್ತಿರ ನಿಂತುಬಿಡುತ್ತಾರೆ.

ದೊಡ್ಡ ಆಲ್ಬಂ ಯಾವುದು ಅಂತ ಕೇಳಿದರೆ ಮಾತ್ರ ನನ್ನ ಉತ್ತರ ‘ಫಾರ್ ಯುವರ್ ಪ್ಲೆಷರ್’. ‘ಸ್ಟ್ರ್ಯಾಂಡೆಡ್’ನಂಥ ಸುಂದರ ಆಲ್ಬಂ ಇನ್ನೊಬ್ಬರು ಮಾಡಿಯಾರು ಅಂತ ಊಹಿಸಬಹುದು. ‘ಫಾರ್ ಯುವರ್ ಪ್ಲೆಷರ್’ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಹಾಡು ಬರೆಯುವ ಒಬ್ಬರು, ಹಾಡನ್ನು ಕೆಡಿಸಿ ಚಂದ ಮಾಡುವ ಒಬ್ಬರು, ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದದ್ದು ಎರಡೇ ಎರಡು ಆಲ್ಬಂ ಕಾಲ.

ಉಳಿದ ಮೂರು

ಮೊದಲ ಆಲ್ಬಂ 1972ರ ಜೂನ್‌ನಲ್ಲಿ ಬಂತು. ನಿರ್ಮಾಪಕರು ಕಿಂಗ್ ಕ್ರಿಮ್ಸನ್ ತಂಡಕ್ಕೆ ಹಾಡು ಬರೆಯುತ್ತಿದ್ದ ಪೀಟರ್ ಸಿನ್‌ಫೀಲ್ಡ್. ಮೊದಲ ಹಾಡಿನ ಪಲ್ಲವಿ ಒಂದು ಕಾರಿನ ನಂಬರು. ಅದೇ ಹಾಡಿನ ಕೊನೆಗೆ ಒಬ್ಬೊಬ್ಬರೂ ಒಂದೊಂದು ಕ್ಷಣ ಒಂಟಿಯಾಗಿ ನುಡಿಸುತ್ತಾರೆ. ಬೇಸ್‌ನಲ್ಲಿ ಬೀಟಲ್ಸ್ ಹಾಡಿನ ತುಣುಕು, ಸ್ಯಾಕ್ಸೊಫೋನ್‌ನಲ್ಲಿ ಜರ್ಮನ್ ಸಂಗೀತಗಾರ ವಾಗ್ನರ್ ರಚನೆಯ ತುಣುಕು. ಯೋಚನೆಗಳು ತುಂಬಿ ತುಳುಕುವ ಆಲ್ಬಂ. ಆದರೆ ಧ್ವನಿಮುದ್ರಣ ತೆಳುವಾಗಿದೆ. ಫೆರಿ 1976ರ ತಮ್ಮ ಸ್ವಂತ ಆಲ್ಬಂನಲ್ಲಿ ಇದರ ನಾಲ್ಕು ಹಾಡುಗಳನ್ನು ಮತ್ತೆ ಹಾಡಿದರು. ಮೂರನೆಯದಾಗಿ ಕೇಳಲು ಇದು ಸರಿ. ಮೊದಲಿಗೆ ಬೇಡ.

‘ಕಂಟ್ರಿ ಲೈಫ್’ 1974ರದ್ದು. ‘ಸ್ಟ್ರ್ಯಾಂಡೆಡ್’ ಇಷ್ಟಪಟ್ಟವರು ಇದನ್ನೂ ಇಷ್ಟಪಡುತ್ತಾರೆ. ‘ಔಟ್ ಆಫ್ ದ ಬ್ಲೂ’ ಕೊನೆಯಲ್ಲಿ ಜಾಬ್ಸನ್ ಪಿಟೀಲು ಹಾರುವುದನ್ನು ಕೇಳಲೆಂದೇ ಈ ಆಲ್ಬಂ ತೆಗೆದುಕೊಳ್ಳಬಹುದು. ಹೊದಿಕೆಯ ಮೇಲೆ ಒಳ ಉಡುಪಿನಲ್ಲಿರುವ ಇಬ್ಬರು ಜರ್ಮನ್ ಹೆಂಗಸರ ಚಿತ್ರ. ಅಮೆರಿಕದಲ್ಲಿ ಅದನ್ನು ಹಸಿರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರಿದರು, ಆಮೇಲೆ ಹೆಂಗಸರನ್ನು ತೆಗೆದು ಬರೀ ಹಿಂದಿನ ಗಿಡಗಳ ಚಿತ್ರ ಹಾಕಿದರು. ಆ ಇಬ್ಬರೇ ‘ಬಿಟರ್ ಸ್ವೀಟ್’ ಹಾಡಿನ ಜರ್ಮನ್ ಸಾಲುಗಳಿಗೆ ನೆರವಾದವರು.

1975ರ ‘ಸೈರನ್’ ಎಲ್ಲಕ್ಕಿಂತ ಸುಲಭ. ‘ಲವ್ ಈಸ್ ದ ಡ್ರಗ್’ ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಸದ್ದು, ಕಾರು ಸ್ಟಾರ್ಟ್ ಆಗುವ ಸದ್ದಿನಿಂದ ಶುರುವಾಗಿ ಗಸ್ಟಾಫ್ಸನ್ ಬೇಸ್ ಮೇಲೆ ಕುಣಿಯುತ್ತದೆ. ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಹೋದ ಹಾಡು. ಕುಣಿಯಲು ಇಷ್ಟಪಡುವ ಗೆಳೆಯರಿಗೆ ಕೊಡಿ. ಆರ್ಟ್ ರಾಕ್ ಹುಡುಕಿಕೊಂಡು ಬಂದವರಿಗೆ ಇದರಲ್ಲಿ ಸಿಗುವುದು ಕಡಿಮೆ.

ಯಾವ ಪ್ರತಿ ಕೇಳಬೇಕು?

ಶುರುವಿಗೆ ಸ್ಟ್ರೀಮಿಂಗ್ ಆ್ಯಪ್ ಮತ್ತು ಒಳ್ಳೆಯ ಹೆಡ್‌ಫೋನ್ ಸಾಕು. ಫೋನಿನ ಸ್ಪೀಕರ್ ಬೇಡವೇ ಬೇಡ. ‘ಫಾರ್ ಯುವರ್ ಪ್ಲೆಷರ್’ನ ಕೊನೆಯ ಹಾಡಿನ ಪ್ರತಿಧ್ವನಿಗಳು ಅದರಲ್ಲಿ ಸತ್ತೇ ಹೋಗುತ್ತವೆ. ಸಿ.ಡಿ. ಇಟ್ಟುಕೊಂಡಿರುವವರು 1999ರಲ್ಲಿ ಬಾಬ್ ಲಡ್‌ವಿಗ್ ಮಾಡಿದ ರೀಮಾಸ್ಟರ್ (ಹಳೆಯ ಧ್ವನಿಮುದ್ರಣವನ್ನು ಹೊಸದಾಗಿ ತಿದ್ದಿದ ಪ್ರತಿ) ಸಿಕ್ಕರೆ ತೆಗೆದುಕೊಳ್ಳಿ. ಎಲ್‌ಪಿ ಬೇಕು ಅನ್ನುವವರಿಗೆ ತಂಡದ 50ನೇ ವರ್ಷಕ್ಕೆ, 2022ರಲ್ಲಿ, ಅಬೀ ರೋಡ್ ಸ್ಟುಡಿಯೋದಲ್ಲಿ ಅರ್ಧ ವೇಗದಲ್ಲಿ ಕೊರೆದ ಹೊಸ ಪ್ರತಿಗಳು ಬಂದಿವೆ. ತಟ್ಟೆ ಕೊರೆಯುವ ಯಂತ್ರವನ್ನೂ ಮೂಲ ಧ್ವನಿಯನ್ನೂ ಅರ್ಧ ವೇಗದಲ್ಲಿ ಓಡಿಸುತ್ತಾರೆ. ಆಗ ಸೂಜಿಗೆ ಸೂಕ್ಷ್ಮವಾದ ಎತ್ತರದ ಸದ್ದುಗಳನ್ನು ಕೊರೆಯಲು ಎರಡರಷ್ಟು ಸಮಯ ಸಿಗುತ್ತದೆ. ಆಮದು ಎಲ್‌ಪಿ ಅಗ್ಗವಲ್ಲ. ಎರಡರಲ್ಲಿ ಒಂದನ್ನೇ ಕೊಳ್ಳುವ ಹಾಗಿದ್ದರೆ ಆ ದುಡ್ಡು ‘ಫಾರ್ ಯುವರ್ ಪ್ಲೆಷರ್’ಗೆ ಹೋಗಲಿ. ಸದ್ದಿನ ಸಣ್ಣ ಸಣ್ಣ ವಿವರ ಅದರಲ್ಲೇ ಜಾಸ್ತಿ.

ಮೊದಲ ಆಲ್ಬಂ ಹುಡುಕುವವರಿಗೆ ಒಂದು ಸೂಚನೆ. ‘ವರ್ಜೀನಿಯಾ ಪ್ಲೇನ್’ ಮೂಲ ಬ್ರಿಟಿಷ್ ಎಲ್‌ಪಿಯಲ್ಲಿ ಇರಲಿಲ್ಲ. ಆಲ್ಬಂ ಬಂದ ಮೇಲೆ 1972ರ ಆಗಸ್ಟ್‌ನಲ್ಲಿ ಬೇರೆಯಾಗಿ ಬಂದ ಸಿಂಗಲ್ ಅದು, ನಾಲ್ಕನೇ ಸ್ಥಾನಕ್ಕೆ ಏರಿತು. ಆಮೇಲಿನ ಪ್ರತಿಗಳಲ್ಲಿ ನಡುವೆ ಸೇರಿಸಿದ್ದಾರೆ. ಅದ್ಭುತ ಹಾಡು, ಆದರೆ ಅದರ ಸದ್ದು ಸುತ್ತಲಿನ ಹಾಡುಗಳಿಗಿಂತ ಬೇರೆ. ಮೂಲ ಓಟ ಬೇಕಿದ್ದರೆ ಅದನ್ನು ಬಿಟ್ಟು ಕೇಳಿ, ಆಮೇಲೆ ಬೇರೆಯಾಗಿ ಹಾಕಿಕೊಳ್ಳಿ.

ಇನ್ನೊಂದು ಚಿಕ್ಕ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. ಈ ಆಲ್ಬಂಗಳು ಎರಡು ಬದಿಯ ಎಲ್‌ಪಿಗಾಗಿ ಮಾಡಿದವು. ‘ಡ್ರೀಮ್ ಹೋಮ್’ ಮುಗಿದ ಮೇಲೆ ಎದ್ದು ಹೋಗಿ ತಟ್ಟೆ ತಿರುವಿ ಹಾಕಬೇಕಿತ್ತು. ಆ ಬಿಡುವು ಸಿಕ್ಕ ಮೇಲೆ ‘ಬೋಗಸ್ ಮ್ಯಾನ್’. ಆ್ಯಪ್‌ನಲ್ಲಿ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬರುತ್ತದೆ. ಐದನೇ ಹಾಡಿನ ಕೊನೆಗೆ ನೀವೇ ನಿಲ್ಲಿಸಿ, ಕಾಫಿ ಮಾಡಿಕೊಂಡು ಬನ್ನಿ. ‘ಸ್ಟ್ರ್ಯಾಂಡೆಡ್’ನಲ್ಲಿ ‘ಸಾಮ್’ ಆದ ಮೇಲೆ, ಅಂದರೆ ನಾಲ್ಕನೇ ಹಾಡಿನ ನಂತರ ನಿಲ್ಲಿಸಬೇಕು.

ಎರಡರಲ್ಲಿ ಯಾವುದು ನಿಮ್ಮನ್ನು ಹಿಡಿಯಿತು ಅನ್ನುವುದರ ಮೇಲೆ ಮುಂದಿನ ದಾರಿ ಬೇರೆಯಾಗುತ್ತದೆ. ‘ಸ್ಟ್ರ್ಯಾಂಡೆಡ್’ ಹಿಡಿಸಿದವರು ‘ಕಂಟ್ರಿ ಲೈಫ್’ ಕೇಳಿ, ಆಮೇಲೆ ಮೊದಲಿಗೆ ಬಿಟ್ಟಿದ್ದ ‘ಆವಲಾನ್’ಗೆ ವಾಪಸ್ ಹೋಗಿ. ಆಗ ಅದರ ನುಣುಪಿನ ಕೆಳಗೆ ‘ಮದರ್ ಆಫ್ ಪರ್ಲ್’ ಹಾಡಿದ ಅದೇ ಸೋತ ಮನುಷ್ಯ ಕೇಳಿಸುತ್ತಾನೆ. ‘ಫಾರ್ ಯುವರ್ ಪ್ಲೆಷರ್’ ಹಿಡಿಸಿದವರು ಮೊದಲ ಆಲ್ಬಂ ಮುಗಿಸಿ ಈನೋ ಅವರ ‘ಹಿಯರ್ ಕಮ್ ದ ವಾರ್ಮ್ ಜೆಟ್ಸ್’ಗೆ ಬನ್ನಿ. ರಾಕ್ಸಿ ಬಿಟ್ಟ ಕೆಲವೇ ತಿಂಗಳಲ್ಲಿ ಅವರು ಮಾಡಿದ, 1974ರ ಶುರುವಿನಲ್ಲಿ ಬಂದ ಆಲ್ಬಂ. ಮಾಂಜನೇರಾ, ಮೆಕೈ, ಥಾಂಪ್ಸನ್ ಮೂವರೂ ಅದರಲ್ಲಿ ನುಡಿಸಿದ್ದಾರೆ. ಫೆರಿ ಒಬ್ಬರು ಇಲ್ಲ. ಅದರಿಂದ ಏನು ಬದಲಾಗಿದೆ ಅಂತ ನೀವೇ ಕೇಳಿ ನೋಡಿ.